ತಿಳಿನೀರು

ಮಳೆಗಾಲ ಹತ್ತಿರವಾಯಿತೆಂದರೆ ನಮ್ಮ ಮಾತು ತಾನಾಗಿಯೇ ನೀರಿನ ಕಡೆಗೆ ಹೊರಳುತ್ತದೆ. ಕೆರೆ ತುಂಬಿತೆ, ಅಣೆಕಟ್ಟಿಗೆ ಎಷ್ಟು ಅಡಿ ನೀರು ಬಂತು, ಹೊಳೆ ಸೇತುವೆಯ ಮೇಲೆ ಹರಿಯಿತೆ ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ಇಂದು ನಾನು ಹೇಳಹೊರಟಿರುವುದು ಇವುಗಳ ನೆರೆಯಲ್ಲೇ ಇರುವ, ಆದರೆ ಅಷ್ಟಾಗಿ ಯಾರೂ ಕೇಳದ ಇನ್ನೊಂದು ಪ್ರಶ್ನೆಯನ್ನು ಕುರಿತು. ನೆರೆ ಬಂದುಹೋದ ಮೇಲೆ, ದಾರಿ ಕಡಿದುಹೋದ ಕಾಡುನಾಡಿನ ಊರಿನಲ್ಲಿ, ಕುಡಿಯುವ ನೀರನ್ನು ಎಲ್ಲಿ ಹುಡುಕಬೇಕು? ಎಲ್ಲೆಲ್ಲಿಯೂ ನೀರೇ ಇರುವಾಗ ನೀರನ್ನು ಹುಡುಕುವುದೆಂದರೆ ವಿನೋದದಂತೆ ಕೇಳಿಸೀತು. ಆದರೆ ಪ್ರವಾಹದ ಮರುದಿನ ಮನುಷ್ಯನಿಗೆ ಅತ್ಯಂತ ದುರ್ಲಭವಾದ ವಸ್ತು ಒಂದು ಲೋಟ ಒಳ್ಳೆಯ ನೀರು ಎಂಬುದನ್ನು ಅದನ್ನು ಕಂಡವರು ಮಾತ್ರ ಬಲ್ಲರು.

ಮೂವತ್ತು ವರ್ಷ ಹಳಗನ್ನಡ ಕಾವ್ಯಗಳನ್ನೂ ವ್ಯಾಕರಣವನ್ನೂ ಪಾಠ ಹೇಳಿದ ಮೇಷ್ಟರಿಗೆ ಈ ವಿಷಯದಲ್ಲಿ ಮಾತನಾಡಲು ಏನು ಅಧಿಕಾರ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನು ವೈದ್ಯನಲ್ಲ, ಇಂಜಿನಿಯರನೂ ಅಲ್ಲ. ನನಗಿರುವ ಅಧಿಕಾರ ಒಂದೇ: ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಆ ತಪ್ಪಿನ ಬೆಲೆಯನ್ನು ನಾನು ತೆರಲಿಲ್ಲ, ನನ್ನನ್ನು ನಂಬಿ ಬಂದಿದ್ದ ಒಬ್ಬ ಹುಡುಗ ತೆತ್ತ. ಆದ್ದರಿಂದಲೇ ಇದನ್ನು ಹೇಳಬೇಕೆಂದು ತೋರಿತು.

2019ರ ಆಗಸ್ಟ್ ತಿಂಗಳು. ಉತ್ತರದಲ್ಲಿ ಕೃಷ್ಣೆ, ಮಲಪ್ರಭೆಯರು ದಡ ಮೀರಿ ಊರುಗಳನ್ನು ನುಂಗಿದ್ದರು. ಇತ್ತ ಮಲೆನಾಡಿನಲ್ಲಿ ಗುಡ್ಡಗಳೇ ಜಾರಿ ಬಂದಿದ್ದವು. ಚಾರ್ಮಾಡಿ ಘಾಟಿಯ ರಸ್ತೆ ಮಣ್ಣು ಕುಸಿದು ಮುಚ್ಚಿತ್ತು. ನಾನಿನ್ನೂ ನಿವೃತ್ತನಾಗಿರಲಿಲ್ಲ. ಕಾಲೇಜಿನ ಒಂಬತ್ತು ಮಂದಿ ಹುಡುಗರನ್ನು ಕಟ್ಟಿಕೊಂಡು, ಅಕ್ಕಿ ಬೇಳೆ ಕಂಬಳಿಗಳನ್ನು ಹೊತ್ತು, ಮೂಡಿಗೆರೆ ತಾಲ್ಲೂಕಿನ ಘಟ್ಟದಂಚಿನ ಒಂದು ಸಣ್ಣ ಹಳ್ಳಿಗೆ ಹೊರಟೆ. ವಾಹನ ನಿಂತ ಕಡೆಯಿಂದ ಮುಂದಕ್ಕೆ ಎರಡು ಗಂಟೆಯ ನಡಿಗೆ. ಕಾಲಿಗೆ ಇಂಬಳ, ತಲೆಗೆ ಮಳೆ, ಬೆನ್ನಿಗೆ ಮೂಟೆ. ಅರ್ಧ ದಾರಿಗೆ ಬರುವಷ್ಟರಲ್ಲಿ ನಮ್ಮ ಬಾಟಲಿಗಳೆಲ್ಲ ಬರಿದಾಗಿದ್ದವು.

ಆಗ ದಾರಿಯ ಪಕ್ಕದ ದರೆಯಲ್ಲಿ, ಎರಡು ಬಂಡೆಗಳ ನಡುವಿನಿಂದ, ತೋಳಿನ ಗಾತ್ರದ ಒಂದು ಜರಿ ಧುಮುಕುತ್ತಿದ್ದುದು ಕಣ್ಣಿಗೆ ಬಿತ್ತು. ಕೆಳಗೆ ಹಳ್ಳ ಕೆಮ್ಮಣ್ಣನ್ನು ಕರಗಿಸಿಕೊಂಡು ಕೆನ್ನೀರಾಗಿ ಹರಿಯುತ್ತಿತ್ತು. ಈ ಜರಿಯಾದರೋ ಗಾಜಿನಂತೆ ತಿಳಿಯಾಗಿತ್ತು. ಹುಡುಗರು ನನ್ನ ಮುಖ ನೋಡಿದರು. ನಾನು ಬೊಗಸೆಯೊಡ್ಡಿ ಒಂದು ಗುಟುಕು ಕುಡಿದು, 'ಕುಡಿಯಿರಪ್ಪಾ, ಇಂಥ ತಿಳಿನೀರು ನಿಮ್ಮ ಪೇಟೆಯಲ್ಲಿ ಎಲ್ಲಿ ಸಿಗಬೇಕು' ಎಂದೆ. ಅಷ್ಟಕ್ಕೇ ಬಿಡಲಿಲ್ಲ. ಹರಿವ ನೀರಿಗೆ ಮೈಲಿಗೆಯಿಲ್ಲವೆಂದು ನಮ್ಮ ಹಿರಿಯರು ಏಕೆ ನಂಬಿದ್ದರು ಎಂಬುದನ್ನು ಕುರಿತು ಒಂದು ಚಿಕ್ಕ ಉಪನ್ಯಾಸವನ್ನೂ ಕೊಟ್ಟೆ. ಹುಡುಗರ ಪೈಕಿ ಒಬ್ಬ ಬಯಲುಸೀಮೆಯವನು, ಕೊಳವೆಬಾವಿಯ ಗಡಸು ನೀರು ಕುಡಿದು ಬೆಳೆದವನು. ಕೇಳುವವರಿಲ್ಲದೆ ಬೀಳುತ್ತಿರುವ ಆ ನೀರನ್ನು ಕಂಡು ಅವನಿಗೆ ಹಿಗ್ಗೋ ಹಿಗ್ಗು. ಹೊಟ್ಟೆ ತುಂಬ ಕುಡಿದು, ತನ್ನ ದೊಡ್ಡ ಬಾಟಲಿಯನ್ನೂ ತುಂಬಿಕೊಂಡ.

ಹಳ್ಳಿಯಲ್ಲಿ ನಮಗೆ ಜಗಲಿ ಬಿಟ್ಟುಕೊಟ್ಟ ಮನೆಯ ಅಜ್ಜಿ ಮೊದಲು ಕೇಳಿದ್ದೇ, 'ಬರೋ ದಾರೀಲಿ ನೀರು ಎಲ್ಲಿ ಕುಡುದ್ರಿ ಮೇಷ್ಟ್ರೇ?' ಎಂದು. ನಾನು ಉತ್ಸಾಹದಿಂದ ಜರಿಯ ವರ್ಣನೆ ಮಾಡಿದೆ. ಅಜ್ಜಿಯ ಮುಖ ಸಣ್ಣದಾಯಿತು. 'ಅಯ್ಯೋ, ಆ ಜರಿ ಹೋದ ವಾರ ಇರ್ಲೇ ಇಲ್ಲವಲ್ಲ! ಮಳೆಗೆ ಹುಟ್ಟಿದ್ದು ಅದು. ಅದರ ನೆತ್ತಿ ಮೇಲೆ ಕೊಟ್ಟಿಗೆ ಐತೆ, ಗೊಬ್ಬರಗುಂಡಿ ಐತೆ. ತಿಳಿ ಐತೆ ಅಂತ ಕುಡಿಯೋದಾ?' ಎಂದರು. ಹುಡುಗರು ನಕ್ಕರು. ನಾನೂ ನಕ್ಕೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಮೂರನೆಯ ದಿನ ಬೆಳಗಿನ ಜಾವ ಬಯಲುಸೀಮೆಯ ಆ ಹುಡುಗನಿಗೆ ವಾಂತಿಭೇದಿ ಆರಂಭವಾಯಿತು. ಉಳಿದವರಿಗೂ ಹೊಟ್ಟೆ ಕೆಟ್ಟಿತ್ತಾದರೂ ಅದು ಅಷ್ಟಕ್ಕೇ ನಿಂತಿತು. ಇವನದು ನಿಲ್ಲಲಿಲ್ಲ. ಮಧ್ಯಾಹ್ನದ ವೇಳೆಗೆ ಕಣ್ಣು ಗುಳಿಬಿದ್ದು, ಕೈಬೆರಳಿನ ಚರ್ಮ ಸುಕ್ಕುಗಟ್ಟಿ, ಕರೆದರೆ ಓಗೊಡುವ ಶಕ್ತಿಯೂ ಉಡುಗಿತು. ಹೊರಗೆ ಧಾರಾಕಾರ ಮಳೆ. ಮೊಬೈಲ್ ಫೋನಿಗೆ ಸಂಪರ್ಕವಿಲ್ಲ. ಅಜ್ಜಿ ಮಾತ್ರ ಗಾಬರಿಯಾಗಲಿಲ್ಲ. ಅಕ್ಕಿಯ ಗಂಜಿಯನ್ನು ತೆಳ್ಳಗೆ ಕಾಸಿ, ಉಪ್ಪು ಬೆರೆಸಿ, ಚಮಚ ಚಮಚವಾಗಿ ಅವನ ಬಾಯಿಗೆ ಬಿಡುತ್ತ ಕುಳಿತರು. ಕಕ್ಕಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದು ಚಮಚ. ಸಂಜೆ ಮಳೆ ಒಂದಿಷ್ಟು ಹೊಳವಾದಾಗ ಊರಿನ ತರುಣರು ಒಂದು ಕುರ್ಚಿಗೆ ಬಿದಿರಿನ ಗಳ ಕಟ್ಟಿ, ಅವನನ್ನು ಹೊತ್ತು, ವಾಹನವಿದ್ದ ಕಡೆಗೆ ಇಳಿಸಿದರು. ಆಸ್ಪತ್ರೆಯಲ್ಲಿ ವೈದ್ಯರು, ಗಂಜಿನೀರು ಹೊಟ್ಟೆಗೆ ಬೀಳದಿದ್ದರೆ ಹುಡುಗ ಇಲ್ಲಿಗೆ ಬಂದು ಮುಟ್ಟುತ್ತಿರಲಿಲ್ಲ ಎಂದರು.

ಮರುದಿನ ಅವನ ತಂದೆ ಬಂದರು. ಮಿತಭಾಷಿಯಾದ ರೈತ. ಮಗನ ತಲೆ ಸವರಿ ಹೊರಗೆ ಬಂದು, ನನ್ನ ಪಕ್ಕದ ಬೆಂಚಿನ ಮೇಲೆ ಕುಳಿತು, ಬಹಳ ಹೊತ್ತಿನ ಮೇಲೆ ಒಂದೇ ಮಾತು ಕೇಳಿದರು: 'ನೀವು ಜೊತೇಲಿ ಇದ್ರಲ್ಲ, ಸಾರ್?' ಅದರಲ್ಲಿ ಕೋಪವಿರಲಿಲ್ಲ. ಮಗ ಓದಿದವರ ಜೊತೆಯಲ್ಲಿ ಹೋಗಿದ್ದಾನೆ ಎಂಬ ಅವರ ಧೈರ್ಯಕ್ಕೆ ಏನಾಯಿತು ಎಂಬ ಸಂದೇಹವಷ್ಟೇ ಇತ್ತು. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಈ ಹೊತ್ತಿನ ನನ್ನ ಮಾತು, ತಡವಾಗಿಯಾದರೂ, ಅವರಿಗೆ ನಾನು ಕೊಡುತ್ತಿರುವ ಉತ್ತರವೆಂದು ತಾವು ತಿಳಿಯಬಹುದು.

ನನ್ನನ್ನು ತಪ್ಪುದಾರಿಗೆ ಎಳೆದದ್ದು ನಾನು ಬಹಳವಾಗಿ ಪ್ರೀತಿಸುವ ಒಂದು ಕನ್ನಡ ಶಬ್ದ: 'ತಿಳಿ'. ಬಗ್ಗಡವಿಲ್ಲದ ನೀರು ತಿಳಿ, ಸಾರಿನ ಮೇಲೆ ನಿಂತ ರಸ ತಿಳಿ, ಮೋಡವಿಲ್ಲದ ಆಗಸ ತಿಳಿ. ಅದೇ ಶಬ್ದ ಕ್ರಿಯಾಪದವಾದಾಗ 'ಅರಿ' ಎಂಬ ಅರ್ಥವನ್ನೂ ಕೊಡುತ್ತದೆ. ತಿಳಿಯಿತು, ತಿಳಿವು, ತಿಳಿವಳಿಕೆ ಎಂದೆಲ್ಲ ಬೆಳೆಯುತ್ತದೆ. ಕದಡಿದ ನೀರು ನಿಂತು ಸ್ವಚ್ಛವಾಗುವುದಕ್ಕೂ ಕದಡಿದ ಮನಸ್ಸು ನಿಂತು ಅರಿಯುವುದಕ್ಕೂ ನಮ್ಮ ಪೂರ್ವಿಕರು ಒಂದೇ ಮಾತನ್ನು ಬಳಸಿದರು. ಇದನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಹೆಮ್ಮೆಯಿಂದ ಹೇಳುತ್ತಿದ್ದೆ. ಆದರೆ ನೆರೆಯ ನಾಡಿನಲ್ಲಿ ಈ ಎರಡು ಅರ್ಥಗಳು ಬೇರೆಬೇರೆಯಾಗಿಬಿಡುತ್ತವೆ. ನೀರು ತಿಳಿಯಾಗಿರುವುದು ಕಣ್ಣಿನ ಮಾತು. ಅದು ಎಲ್ಲಿಂದ ಬಂತು, ಏನನ್ನು ಹಾದು ಬಂತು ಎಂಬುದನ್ನು ತಿಳಿಯುವುದು ಬೇರೆ ಮಾತು. ನಾನು ಮೊದಲನೆಯದನ್ನು ನೋಡಿ ಎರಡನೆಯದೂ ಆಯಿತೆಂದು ಭಾವಿಸಿದೆ.

ರೋಗವನ್ನು ತರುವ ಸೂಕ್ಷ್ಮಜೀವಿ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನ ಗಾತ್ರದ್ದು. ಒಂದು ಲೋಟ ನೀರಿನಲ್ಲಿ ಅಂಥವು ಲಕ್ಷಗಟ್ಟಲೆ ಇದ್ದರೂ ನೀರು ಸ್ಫಟಿಕದಂತೆಯೇ ಕಾಣುತ್ತದೆ. ಲಂಡನ್ನಿನಲ್ಲಿ 1854ರಲ್ಲಿ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯರು ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನ ಮೇಲೆ ಅನುಮಾನಪಟ್ಟ ಕಥೆಯನ್ನು ತಮ್ಮಲ್ಲಿ ಅನೇಕರು ಓದಿರಬಹುದು. ಆ ಕಥೆಯಲ್ಲಿ ಒಬ್ಬ ವಿಧವೆ ಬರುತ್ತಾರೆ. ಆಕೆ ಆ ಬೀದಿಯನ್ನು ಬಿಟ್ಟು ದೂರದ ಹ್ಯಾಂಪ್‌ಸ್ಟೆಡ್ಡಿನಲ್ಲಿ ನೆಲೆಸಿದ್ದರು. ಆದರೂ ಆ ಪಂಪಿನ ನೀರಿನ ರುಚಿಗೆ ಮನಸೋತು ಗಾಡಿಯಲ್ಲಿ ಅದನ್ನು ತರಿಸಿಕೊಳ್ಳುತ್ತಿದ್ದರು. ಹ್ಯಾಂಪ್‌ಸ್ಟೆಡ್ಡಿನಲ್ಲಿ ಕಾಲರಾ ಇರಲಿಲ್ಲ. ಆಕೆ ಮಾತ್ರ ಕಾಲರಾದಿಂದ ತೀರಿಕೊಂಡರು. ರುಚಿಯೂ ನೋಟವೂ ನೀರಿನ ವಿಷಯದಲ್ಲಿ ಎಂಥ ಸಾಕ್ಷಿಗಳು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ. ಮುಂದೆ 1884ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ನಮ್ಮ ಕಲ್ಕತ್ತೆಯಲ್ಲಿ ಕುಳಿತು ಕಾಲರಾ ರೋಗಾಣುವನ್ನು ಗುರುತಿಸಿದರು. ಊರಿನವರು ಕುಡಿಯಲೂ ತೊಳೆಯಲೂ ಬಳಸುತ್ತಿದ್ದ ಕೊಳದ ನೀರಿನಲ್ಲಿಯೇ ಅದು ಅವರಿಗೆ ಸಿಕ್ಕಿತು.

ಹಾಗಾದರೆ ನಮ್ಮ ಹಿಂದಿನವರಿಗೆ ನೀರಿನ ಶುದ್ಧಿಯ ವಿಚಾರ ತಿಳಿದಿರಲಿಲ್ಲವೆ? ಖಂಡಿತ ತಿಳಿದಿತ್ತು. ಸುಶ್ರುತ ಸಂಹಿತೆ ಕದಡಿದ ನೀರನ್ನು ತಿಳಿಗೊಳಿಸುವ ಸಾಧನಗಳನ್ನು ಪಟ್ಟಿ ಮಾಡುತ್ತದೆ. ಅವುಗಳಲ್ಲಿ ಬಟ್ಟೆಯೂ ಉಂಟು, ತಾವರೆಯ ಗೆಡ್ಡೆಯೂ ಉಂಟು, ಎಲ್ಲಕ್ಕಿಂತ ಹೆಸರುವಾಸಿಯಾದ ಕತಕದ ಬೀಜವೂ ಉಂಟು. ಕನ್ನಡದಲ್ಲಿ ಅದನ್ನು ಚಿಲ್ಲದ ಬೀಜ ಎನ್ನುತ್ತಾರೆ. ಮಡಕೆಯ ಒಳಮೈಗೆ ಈ ಬೀಜವನ್ನು ತೇಯ್ದು ಬಗ್ಗಡದ ನೀರು ತುಂಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕೆಸರು ಮುದ್ದೆಗಟ್ಟಿ ತಳಕ್ಕಿಳಿಯುತ್ತದೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ದಕಾರ್ಗಲ ಎಂಬ ಅಧ್ಯಾಯವೇ ನೆಲದೊಳಗಿನ ನೀರನ್ನು ಕಂಡುಹಿಡಿಯುವುದಕ್ಕೆ ಮೀಸಲು. ಅಲ್ಲಿ ಬಾವಿಯ ನೀರನ್ನು ಸರಿಪಡಿಸಲು ನೆಲ್ಲಿ, ಲಾವಂಚ, ಮುಸ್ತೆ ಮುಂತಾದವುಗಳ ಪುಡಿಯೊಡನೆ ಕತಕವನ್ನು ಹಾಕುವ ವಿಧಾನವಿದೆ. ಶಂಕರಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ಆತ್ಮಬೋಧದಲ್ಲಂತೂ ಈ ಬೀಜ ಜ್ಞಾನಕ್ಕೇ ಉಪಮಾನವಾಗಿ ನಿಂತಿದೆ.

ಈ ಬೀಜ ಮಾಡುವುದು ನಮ್ಮ ಪಟಿಕ ಮಾಡುವ ಕೆಲಸವನ್ನೇ. ತೇಲುವ ಕಣಗಳನ್ನು ಒಂದಕ್ಕೊಂದು ಅಂಟಿಸಿ ಕೆಳಗಿಳಿಸುತ್ತದೆ. ಕೆಸರಿನ ಜೊತೆಯಲ್ಲಿ ರೋಗಾಣುಗಳ ಒಂದು ಪಾಲೂ ಇಳಿಯುತ್ತದೆ, ಎಲ್ಲವೂ ಇಳಿಯುವುದಿಲ್ಲ. ಬಟ್ಟೆಯ ಕಥೆಯೂ ಹೀಗೆಯೇ. ಬಾಂಗ್ಲಾದೇಶದ ಮತ್‌ಲಬ್ ಪ್ರದೇಶದ ಹಳ್ಳಿಗಳಲ್ಲಿ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಹಳೆಯ ಸೀರೆಯನ್ನು ಎಂಟು ಪದರಾಗಿ ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸುವಂತೆ ಹೆಂಗಸರಿಗೆ ಹೇಳಿಕೊಟ್ಟರು. ಕಾಲರಾ ಸುಮಾರು ಅರ್ಧದಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟಿಸಿದರು. ಕಾಲರಾ ರೋಗಾಣು ನೀರಿನ ಅತಿಸಣ್ಣ ಜೀವಿಗಳ ಮೈಗೆ ಅಂಟಿಕೊಂಡು ಬದುಕುತ್ತದೆ. ಆ ಜೀವಿಗಳು ಬಟ್ಟೆಗೆ ಸಿಕ್ಕಿಬೀಳುತ್ತವೆ. ಹೊಸ ಸೀರೆಗಿಂತ ಒಗೆದೊಗೆದು ನೂಲು ಉಬ್ಬಿದ ಹಳೆಯ ಸೀರೆಯೇ ಇದಕ್ಕೆ ಮೇಲಂತೆ! ನೀರು ಸೋಸಿ ಕುಡಿಯುವುದನ್ನು ವ್ರತವಾಗಿ ಪಾಲಿಸಿದ ಜೈನರ ನಾಡು ನಮ್ಮದು. ಜೀವದಯೆಗಾಗಿ ಮಾಡಿದ ಆಚರಣೆ ಕುಡಿಯುವವನ ಜೀವವನ್ನೂ ಕಾಯುತ್ತಿತ್ತೆಂದು ತೋರುತ್ತದೆ. ಆದರೂ ಅರ್ಧ ಇಳಿಯಿತೆಂದರೆ ಅರ್ಧ ಉಳಿಯಿತೆಂದೇ ಅರ್ಥ. ತಿಳಿಗೊಳಿಸುವುದು ಮೊದಲ ಮೆಟ್ಟಿಲು, ಅಲ್ಲಿಗೇ ನಿಲ್ಲುವಂತಿಲ್ಲ.

ಈಗ ಅಜ್ಜಿಯ ಮಾತಿಗೆ ಮರಳುತ್ತೇನೆ. ಹುಡುಗ ಆಸ್ಪತ್ರೆಯಲ್ಲಿ ಚೇತರಿಸಿಕೊಂಡ ಮೇಲೆ, ಉಳಿದ ಸಾಮಾನನ್ನು ತಲುಪಿಸುವ ನೆಪದಲ್ಲಿ, ನಾನು ಮತ್ತೆ ಆ ಹಳ್ಳಿಗೆ ಹೋದೆ. ಈ ಸಲ ಶಿಷ್ಯನಾಗಿ ಹೋದೆ. ಒಳ್ಳೆಯ ಒರತೆಯನ್ನು ಗುರುತಿಸುವುದು ಹೇಗೆಂದು ಅಜ್ಜಿಯನ್ನು ಕೇಳಿದೆ. ಅವರು ನನ್ನನ್ನು ಮನೆಯ ಹಿಂದಿನ ಕಾಡಿನೊಳಕ್ಕೆ ಕರೆದೊಯ್ದು ಬೆರಳಿನ ಗಾತ್ರದ ಒಂದು ಒರತೆ ತೋರಿಸಿದರು. ನನ್ನ ಜರಿಯ ವೈಭವದ ಮುಂದೆ ಅದು ಏನೂ ಅಲ್ಲ.

'ಇದು ಚೈತ್ರದಲ್ಲೂ ಹಿಂಗೇ, ಆಷಾಢದಲ್ಲೂ ಹಿಂಗೇ. ಮಳೆ ಬಂತು ಅಂತ ದಪ್ಪ ಆಗಲ್ಲ, ಕೆಂಪಾಗಲ್ಲ' ಎಂದರು ಅಜ್ಜಿ. 'ಕೈ ಇಟ್ಟು ನೋಡಿ.' ಇಟ್ಟೆ. ಆ ಚಳಿಮಳೆಯಲ್ಲಿ ನೀರು ಬೆಚ್ಚಗಿತ್ತು. ಬೇಸಿಗೆಯಲ್ಲಿ ತಣ್ಣಗಿರುತ್ತದೆಯಂತೆ.

ಅಜ್ಜಿಯ ಈ ಲಕ್ಷಣಗಳಿಗೆ ಭೂಜಲ ಶಾಸ್ತ್ರದಲ್ಲಿಯೂ ಆಧಾರವಿದೆ. ಆಳದ ನೆಲದಲ್ಲಿ ಬಹುಕಾಲ ಇಂಗಿ ಬಂದ ನೀರಿನ ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹವೆ ಬಿಸಿಯಾದಾಗ ಅದು ತಣ್ಣಗೆ, ಹವೆ ತಣ್ಣಗಾದಾಗ ಅದು ಬೆಚ್ಚಗೆ ನಮ್ಮ ಕೈಗೆ ತೋರುತ್ತದೆ. ಮಣ್ಣಿನ ಪದರಗಳಲ್ಲಿ ನಿಧಾನವಾಗಿ ಇಳಿಯುವಾಗ ನೀರು ಸೋಸಲ್ಪಡುತ್ತದೆ, ಕಾಲ ಕಳೆದಂತೆ ರೋಗಾಣುಗಳೂ ಸಾಯುತ್ತವೆ. ಮಳೆ ಬಂದ ಕೂಡಲೇ ಉಕ್ಕುವ ಜರಿ ಹಾಗಲ್ಲ. ಅದು ಮೇಲ್ಮೈಯ ನೀರು. ಬಂಡೆಯ ಸಂದಿನಲ್ಲಿ, ಬೇರಿನ ಪೊಳ್ಳಿನಲ್ಲಿ, ಹೆಗ್ಗಣದ ಬಿಲದಲ್ಲಿ ಓಡಿ ಬಂದು ಹೊರಬಿದ್ದದ್ದು. ಕೆಸರನ್ನು ದಾರಿಯಲ್ಲಿ ಬಿಟ್ಟರೂ ಕೊಟ್ಟಿಗೆಯ ಕೊಳೆಯನ್ನು ಬಿಟ್ಟಿರುವುದಿಲ್ಲ. ದೊಡ್ಡದಾಗಿ ಧುಮುಕುವ ನೀರಿಗಿಂತ ಮಳೆಗೆ ಅಲುಗದ ಸಣ್ಣ ಒರತೆಯೇ ಲೇಸು ಎಂಬುದು ಅಜ್ಜಿ ಕಲಿಸಿದ ಮೊದಲ ಪಾಠ.

ಎರಡನೆಯ ಪಾಠ, ನೀರಿಗೆ ಬಾಯೊಡ್ಡುವ ಮುನ್ನ ಅದರ ನೆತ್ತಿಯನ್ನು ನೋಡಬೇಕು ಎಂಬುದು. ಮೇಲ್ಗಡೆ ಮನೆಯಿದೆಯೆ, ಕೊಟ್ಟಿಗೆಯಿದೆಯೆ, ಸತ್ತ ದನವಿದೆಯೆ? ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಅಂಶ ಸೇರಬೇಕು. ಮೇಲ್ಗಡೆ ಕಾಫಿಯ ತೋಟವಿದ್ದರೆ ಮಳೆಯ ನೀರು ಗೊಬ್ಬರವನ್ನೂ ಕೀಟನಾಶಕವನ್ನೂ ತೊಳೆದು ತರಬಹುದು. ರೋಗಾಣುವನ್ನು ಕುದಿಸಿ ಕೊಲ್ಲಬಹುದು. ಔಷಧಿಯ ವಿಷ ಕುದಿಸಿದರೆ ಹೋಗುವುದಿಲ್ಲ. ಅಂಥ ನೀರನ್ನು ಬಿಡುವುದೊಂದೇ ದಾರಿ.

ಮೂರನೆಯ ಪಾಠ ನನ್ನನ್ನು ಬೆರಗುಗೊಳಿಸಿತು. ಅಂಗಳದಲ್ಲಿ ನಾಲ್ಕು ಗೂಟ ನೆಟ್ಟು, ಒಗೆದ ಬಿಳಿಯ ಪಂಚೆಯ ನಾಲ್ಕು ತುದಿಗಳನ್ನು ಕಟ್ಟಿ, ನಡುವೆ ತೊಳೆದ ಒಂದು ಕಲ್ಲಿಟ್ಟಿದ್ದರು. ಕಲ್ಲಿನ ಭಾರಕ್ಕೆ ಪಂಚೆ ಜೋತು, ಅದರ ತುದಿಯಿಂದ ಮಳೆಯ ನೀರು ಕೆಳಗಿನ ತಾಮ್ರದ ಹಂಡೆಗೆ ಸುರಿಯುತ್ತಿತ್ತು. ಘಟ್ಟದ ಕೆಳಗಿನ ಕರಾವಳಿಯಲ್ಲೂ ಹಿಂದಿನವರು ಹೀಗೆ ಮಳೆನೀರು ಹಿಡಿಯುತ್ತಿದ್ದುದುಂಟು. ಮೊದಲ ಸ್ವಲ್ಪ ಹೊತ್ತಿನ ನೀರನ್ನು ಚೆಲ್ಲಿಬಿಡಬೇಕೆಂದೂ, ಮರದ ಹನಿ ಬೀಳದ ಬಯಲಿನಲ್ಲಿ ಕಟ್ಟಬೇಕೆಂದೂ ಅಜ್ಜಿ ಹೇಳಿದರು. ಗುಡ್ಡವನ್ನು ಜಾರಿಸಿ, ದಾರಿಯನ್ನು ಕಡಿದು, ಹಳ್ಳವನ್ನು ಕೆಡಿಸಿದ ಮಳೆ ಅದು. ಆದರೆ ನೆಲವನ್ನು ಮುಟ್ಟುವ ಮೊದಲು ಕೈಹಿಡಿದರೆ ಆ ಊರಿನಲ್ಲಿ ಅದಕ್ಕಿಂತ ಶುದ್ಧವಾದ ನೀರು ಮತ್ತೊಂದಿರಲಿಲ್ಲ. ನಾವು ಒಂಬತ್ತು ಮಂದಿ ತರುಣರು ಮತ್ತು ಒಬ್ಬ ಪ್ರಾಧ್ಯಾಪಕ, ಎರಡು ಗಂಟೆ ಆ ನೀರಿನಲ್ಲಿ ನೆನೆಯುತ್ತ, ಬಾಯಾರಿಕೆಯಿಂದ ಬಳಲುತ್ತ ನಡೆದು ಬಂದಿದ್ದೆವು!

ಅಜ್ಜಿಗೆ ಎಲ್ಲವೂ ತಿಳಿದಿತ್ತೆಂದು ನಾನು ಹೇಳಿದರೆ ಅದು ಇನ್ನೊಂದು ಬಗೆಯ ತಪ್ಪಾದೀತು. ಅವರ ಮನೆಯ ಮುಂದಿನ ಬಾವಿಗೆ ನೆರೆಯ ನೀರು ನುಗ್ಗಿತ್ತು. ಊರಿನ ಆಶಾ ಕಾರ್ಯಕರ್ತೆ ಬ್ಲೀಚಿಂಗ್ ಪೌಡರ್ ಹಿಡಿದು ಬಂದಾಗ ಅಜ್ಜಿ, 'ಆ ನಾತ ನಮ್ಮ ಬಾವಿಗೆ ಬ್ಯಾಡವ್ವ, ನಾಲ್ಕು ದಿನ ಬಿಟ್ರೆ ತಾನೇ ತಿಳಿ ಆಗ್ತದೆ' ಎಂದು ತಡೆದರು. ನೋಡಿ, ಜರಿಯ ತಿಳಿಯನ್ನು ನಂಬಬೇಡಿ ಎಂದವರೇ ಬಾವಿಯ ತಿಳಿಯನ್ನು ನಂಬಿದ್ದರು! ತನ್ನ ಬಾವಿಯ ಮೇಲೆ ಯಾರಿಗೆ ಮಮತೆ ಇಲ್ಲ? ಆ ಹೆಣ್ಣುಮಗಳು ಜಗಳವಾಡಲಿಲ್ಲ. 'ನಾತ ಬಂತು ಅಂದ್ರೆ ಔಷಧಿ ಇನ್ನೂ ಕಾವಲಿದೆ ಅಂತ ಅರ್ಥ ಅಜ್ಜಿ. ನಾತ ಹೋಯ್ತು ಅಂದ್ರೆ ಕಾವಲೂ ಹೋಯ್ತು' ಎಂದಳು. ಅಜ್ಜಿ ಸ್ವಲ್ಪ ಯೋಚಿಸಿ ಒಪ್ಪಿದರು.

ಆ ಕೆಲಸದ ಕ್ರಮವನ್ನು ನಾನು ಗಮನವಿಟ್ಟು ನೋಡಿದೆ. ಮೊದಲು ಬಾವಿಯ ನೀರನ್ನೆಲ್ಲ ಎತ್ತಿ ಹೊರಚೆಲ್ಲಿ, ಕೆಸರು ಬಳಿದು, ಹೊಸ ನೀರು ಊರುವುದಕ್ಕೆ ಬಿಟ್ಟರು. ಆಮೇಲೆ ಹಗ್ಗದಿಂದ ಅಳೆದರು: ಬಾವಿಯ ವ್ಯಾಸ 2 ಮೀಟರು, ನೀರಿನ ಆಳ 3 ಮೀಟರು. ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಛಂದಸ್ಸಿನ ಮಾತ್ರೆಗಳನ್ನು ಎಣಿಸಿದವನು ಲೀಟರುಗಳನ್ನು ಎಣಿಸಿದೆ. ಸುಮಾರು 9,400 ಲೀಟರು ಬಂತು. ಒಳ್ಳೆಯ ಬ್ಲೀಚಿಂಗ್ ಪೌಡರ್ ಆದರೆ 1,000 ಲೀಟರಿಗೆ ಎರಡೂವರೆ ಗ್ರಾಂ ಸಾಕು. ಅಂದರೆ ಆ ಬಾವಿಗೆ ಸುಮಾರು 24 ಗ್ರಾಂ. ಪುಡಿಯನ್ನು ನೇರವಾಗಿ ಬಾವಿಗೆ ಎಸೆಯುವುದಲ್ಲ. ಬಕೆಟ್ಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಬಾವಿಗಿಳಿಸಿ ಮೇಲೆ ಕೆಳಗೆ ಜಗ್ಗಿ ಬೆರೆಸಬೇಕು. ಕನಿಷ್ಠ ಒಂದು ಗಂಟೆ ಆ ನೀರನ್ನು ಮುಟ್ಟಬಾರದು. ರಾತ್ರಿ ಹಾಕಿ ಬೆಳಗ್ಗೆ ಸೇದುವುದು ಉತ್ತಮ. ನೀರು ಬಗ್ಗಡವಾಗಿದ್ದರೆ ಮಾತ್ರ ಔಷಧಿ ಕೆಸರಿನ ಪಾಲಾಗಿ ರೋಗಾಣುವಿಗೆ ಉಳಿಯುವುದಿಲ್ಲ. ಆದ್ದರಿಂದ ತಿಳಿಗೊಳಿಸುವುದು ಮೊದಲು, ಔಷಧಿ ಆಮೇಲೆ. ಡಬ್ಬಿ ತೆರೆದು ಬಹುದಿನವಾದ ಪುಡಿಗೆ ಸತ್ವವಿರುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಇಷ್ಟೆಲ್ಲ ಅನುಕೂಲವಿಲ್ಲದ ಕಡೆ ಕುದಿಸುವುದೇ ರಾಜಮಾರ್ಗ. ನೀರು ಬಿಸಿಯಾದರೆ ಸಾಲದು, ಮಡಕೆಯ ತಳದಿಂದ ಮೇಲಿನವರೆಗೆ ತಳಮಳಿಸಿ ಕುದಿಯಬೇಕು. ಹಾಗೆ ಒಂದು ನಿಮಿಷ ಕುದಿದರೆ ಸಾಕು ಎನ್ನುತ್ತಾರೆ ಬಲ್ಲವರು. 2,000 ಮೀಟರಿಗೂ ಎತ್ತರದ ಬೆಟ್ಟಗಳಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಮೂರು ನಿಮಿಷ ಬೇಕು. ನಮ್ಮ ಮುಳ್ಳಯ್ಯನಗಿರಿಯೂ ಅಷ್ಟು ಎತ್ತರವಿಲ್ಲವಾದ್ದರಿಂದ ಕನ್ನಡನಾಡಿನಲ್ಲಿ ಎಲ್ಲಿಯೂ ಒಂದು ನಿಮಿಷ ಸಾಕಾಯಿತು. ಆದರೆ ನೆರೆಯ ದಿನ ಒಣಸೌದೆ ಎಲ್ಲಿಂದ ತರುವುದು? ಮಲೆನಾಡಿನ ಮನೆಗಳಲ್ಲಿ ಬೇಸಿಗೆಯಲ್ಲೇ ಸೌದೆ ಒಡೆದು, ಮಳೆ ತಾಗದ ಕಡೆ ಒಟ್ಟಿ, ಬಚ್ಚಲೊಲೆಯನ್ನು ಆರದಂತೆ ನೋಡಿಕೊಳ್ಳುವ ರೂಢಿಯ ಅರ್ಥ ನನಗೆ ಆಗ ಹೊಳೆಯಿತು. ಸ್ನಾನದ ಹಂಡೆ ಕಾಯುವ ಒಲೆಯೇ ಕುಡಿಯುವ ನೀರಿನ ಒಲೆಯೂ ಆಗುತ್ತದೆ. ಪೇಟೆಯಲ್ಲಿರುವವರು ಮಳೆಗಾಲದ ಪ್ರವಾಸಕ್ಕೆ ಹೊರಡುವಾಗ ಔಷಧಿಯಂಗಡಿಯಲ್ಲಿ ಸಿಗುವ ಕ್ಲೋರಿನ್ ಮಾತ್ರೆಗಳ ಒಂದು ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಳ್ಳುವುದು ನಮ್ಮ ಕಾಲದ ಒಣಸೌದೆ ಎನ್ನಬಹುದು.

ಇನ್ನು ಅಜ್ಜಿಯ ಗಂಜಿ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯದಲ್ಲಿ ಗಡಿಯ ಬನ್‌ಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಏರಿಸುವ ದ್ರವದ ಬಾಟಲಿಗಳು ಮುಗಿದುಹೋದಾಗ ಡಾಕ್ಟರ್ ದಿಲೀಪ್ ಮಹಾಲನಬೀಸರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಅದನ್ನು ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ಓಆರ್‌ಎಸ್ ಎಂಬ ಹೆಸರಿನಲ್ಲಿ ಸಿಗುವ ಪೊಟ್ಟಣದ ಹಿಂದೆ ಆ ಶಿಬಿರದ ಅನುಭವವೂ ಇದೆ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಮಟ್ಟವಾದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಷ್ಟೂ ಇಲ್ಲದಿದ್ದರೆ ಉಪ್ಪು ಹಾಕಿದ ತೆಳುಗಂಜಿ. ಅಜ್ಜಿಗೆ ಬನ್‌ಗಾಂವಿನ ಹೆಸರು ಗೊತ್ತಿರಲಿಲ್ಲ. ಹುಡುಗನ ಬಾಯಿಗೆ ಚಮಚ ಹಿಡಿಯುವುದು ಗೊತ್ತಿತ್ತು.

ಆ ಹುಡುಗ ಈಗ ಒಂದು ಪ್ರೌಢಶಾಲೆಯಲ್ಲಿ ಕನ್ನಡದ ಮೇಷ್ಟರು. ನಾನು ನಿವೃತ್ತನಾದ ಮೇಲೆ ಒಂದು ಚೈತ್ರದಲ್ಲಿ ನಾವಿಬ್ಬರೂ ಕೂಡಿ ಆ ಹಳ್ಳಿಗೆ ಹೋದೆವು. ದಾರಿಯಲ್ಲಿ ಆ ದರೆಯ ಹತ್ತಿರ ನಿಂತು ನೋಡಿದೆವು. ಎರಡು ಬಂಡೆಗಳ ನಡುವೆ ಒಣಗಿದ ಎಲೆಗಳಿದ್ದವು. ಜರಿ ಇದ್ದುದರ ಗುರುತೂ ಇರಲಿಲ್ಲ. ಅವನು ಒಮ್ಮೆ ಬಂಡೆಯನ್ನು ಕೈಯಿಂದ ಮುಟ್ಟಿ, ಏನೂ ಹೇಳದೆ ಮುಂದೆ ನಡೆದ. ನಾನೂ ಏನೂ ಹೇಳಲಿಲ್ಲ.

ಅಜ್ಜಿ ಕಣ್ಣು ಮಂಜಾಗಿ ಜಗಲಿಯ ಮೂಲೆಯಲ್ಲಿ ಕುಳಿತಿದ್ದರು. ಧ್ವನಿಯಿಂದ ನಮ್ಮನ್ನು ಗುರುತಿಸಿದರು. ಹಿಂದಿನ ಕಾಡಿನ ಒರತೆ ಇದೆಯೇ ಎಂದು ಕೇಳಿದೆ. 'ಅದೆಲ್ಲಿಗೆ ಹೋಗ್ತದೆ ಮೇಷ್ಟ್ರೇ' ಎಂದರು. ಹೋಗಿ ನೋಡಿದೆವು. ಅದೇ ಬೆರಳಿನ ಗಾತ್ರ. ಕೈಯಿಟ್ಟರೆ ತಣ್ಣಗಿತ್ತು. ನನ್ನ ಶಿಷ್ಯ ಬೊಗಸೆಯೊಡ್ಡಲು ಬಾಗಿದವನು ತಡೆದು ನಿಂತು, ನನ್ನ ಮುಖ ನೋಡಿ ನಕ್ಕ. ಅಷ್ಟರಲ್ಲಿ ಮನೆಯ ಕಡೆಯಿಂದ ಸೊಸೆಯ ಕೂಗು ಕೇಳಿಸಿತು: 'ಒಳಗೆ ಬನ್ನಿ ಸಾರ್, ಕುದಿಸಿ ಆರಿಸಿಟ್ಟ ನೀರೈತೆ.' ಅದೇ ಒರತೆಯ ನೀರು, ಅಜ್ಜಿ ಜೀವಮಾನವೆಲ್ಲ ನಂಬಿದ ನೀರು. ಆದರೂ ಅತಿಥಿಗೆ ಅದನ್ನು ಕುದಿಸಿಯೇ ಕೊಡಬೇಕೆಂದು ಅಜ್ಜಿಯ ಕಟ್ಟಪ್ಪಣೆಯಂತೆ. ನಾವಿಬ್ಬರೂ ಜಗಲಿಯ ಮೇಲೆ ಅಜ್ಜಿಯ ಪಕ್ಕದಲ್ಲಿ ಕುಳಿತು ಒಂದೊಂದು ಚೊಂಬು ಕುಡಿದೆವು.

(ಬಾನುಲಿ ಭಾಷಣ)